ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರು: ನಾಲ್ಕು ಜನರ ಮನೆಗೆ ಸಾಕೆ?

ಭಾನುವಾರ ಬೆಳಗ್ಗೆ ದೋಸೆ ಚೆನ್ನಾಗಿ ಏಳಬೇಕೆಂದರೆ ಶನಿವಾರ ಸಂಜೆಯೊಳಗೆ ಉದ್ದು ಸರಿಯಾಗಿ ರುಬ್ಬಿರಬೇಕು. ಅಕ್ಕಿಯನ್ನು ಮಿಕ್ಸಿಯೂ ಹೇಗೋ ನುಣ್ಣಗೆ ಮಾಡಿಕೊಡುತ್ತದೆ. ಉದ್ದಿಗೆ ಮಾತ್ರ ಕಲ್ಲೇ ಬೇಕು. ಹಾಗಾಗಿ ಟೇಬಲ್ ಟಾಪ್ ಗ್ರೈಂಡರು ಕೊಳ್ಳಲು ಹೊರಟವರು ಅದರ ಬಣ್ಣ, ಟೈಮರು, ಜೊತೆಗೆ ಕೊಡುವ ಕಾಯಿ ತುರಿಯುವ ಸಾಧನ ಇವನ್ನೆಲ್ಲ ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇದು ಒಂದು ಲೋಟ ಉದ್ದನ್ನು ಬೆಣ್ಣೆಯ ಹಾಗೆ ಉಬ್ಬಿಸಿ ಕೊಡುತ್ತದೆಯೇ? ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವ ಎರಡು ಲೀಟರಿನ, 150 ವ್ಯಾಟ್ ಮೋಟಾರಿನ, ಬೆಲ್ಟಿನಿಂದ ತಿರುಗುವ ಮಾದರಿಯನ್ನು ಇಟ್ಟುಕೊಂಡು ಇಲ್ಲಿ ಬರೆದಿದೆ. ಕಂಪನಿ ಯಾವುದಾದರೂ ಒಳಗಿನ ರಚನೆ ಬಹುಮಟ್ಟಿಗೆ ಒಂದೇ.

ಮಿಕ್ಸಿಯ ಬ್ಲೇಡು ಕಾಳನ್ನು ಕತ್ತರಿಸುತ್ತದೆ, ಕಲ್ಲು ಅರೆಯುತ್ತದೆ. ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವುದರಿಂದ ಐದು ನಿಮಿಷದಲ್ಲೇ ಜಾರು ಬೆಚ್ಚಗಾಗುತ್ತದೆ, ಹಿಟ್ಟು ಕೆಳಗೆ ಅಂಟಿ ಗಟ್ಟಿಯಾಗುತ್ತದೆ, ಬ್ಲೇಡು ತಿರುಗಲೆಂದು ನೀರು ಸುರಿಯಬೇಕಾಗುತ್ತದೆ. ನೀರು ಹೆಚ್ಚಾದ ಉದ್ದಿನ ಹಿಟ್ಟು ಗಾಳಿ ಹಿಡಿಯುವುದಿಲ್ಲ. ಉದ್ದಿನಲ್ಲಿರುವ ಲೋಳೆ ಮತ್ತು ಪ್ರೋಟೀನು ಸೇರಿ ಸಣ್ಣ ಸಣ್ಣ ಗುಳ್ಳೆಗಳನ್ನು ಹಿಡಿದಿಡುವುದರಿಂದಲೇ ಇಡ್ಲಿ ಹಗುರವಾಗುವುದು. ರಾತ್ರಿಯಿಡೀ ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಕೂಡ ಉದ್ದಿನ ಜೊತೆಗೇ ಬರುತ್ತದೆ. ಕಲ್ಲು ನಿಧಾನವಾಗಿ ಅರೆಯುತ್ತ, ಹಿಟ್ಟನ್ನು ಮಗುಚುತ್ತ ಗಾಳಿ ಸೇರಿಸುತ್ತದೆ, ಹೆಚ್ಚು ಬಿಸಿಯನ್ನೂ ಮಾಡುವುದಿಲ್ಲ. ಅದೇ ಒಂದು ಲೋಟ ಉದ್ದಿಗೆ ಗ್ರೈಂಡರಿನಲ್ಲಿ ಕಣ್ಣಿಗೆ ಕಾಣುವಷ್ಟು ಹೆಚ್ಚು ಹಿಟ್ಟು ಸಿಗುವುದು ಇದರಿಂದ.

ಹಳೆಯ ಒರಳಿನಲ್ಲಿ ಒರಳು ನೆಲಕ್ಕೆ ಊರಿರುತ್ತಿತ್ತು, ಗುಂಡನ್ನು ಕೈಯಿಂದ ತಿರುಗಿಸಬೇಕಿತ್ತು. ವಿದ್ಯುತ್ ಗ್ರೈಂಡರಿನಲ್ಲಿ ಪಾತ್ರೆ ತಿರುಗುತ್ತದೆ, ಗುಂಡು ನಿಂತ ಜಾಗದಲ್ಲೇ ಉರುಳುತ್ತದೆ. ಇದನ್ನು ಮೊದಲು ಮಾಡಿದವರು ಕೊಯಮತ್ತೂರಿನ ಪಿ. ಸಭಾಪತಿ, 1955ರಲ್ಲಿ. ಇಂದಿಗೂ ನಮ್ಮ ಅಂಗಡಿಗಳಿಗೆ ಬರುವ ಗ್ರೈಂಡರುಗಳಲ್ಲಿ ಹೆಚ್ಚಿನವು ಅಲ್ಲಿಯವೇ. ಊರಿನ ಹೆಸರಿನಿಂದಲೇ ಗುರುತಿಸುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಕೊಯಮತ್ತೂರು ಗ್ರೈಂಡರಿಗೆ ಇದೆ. ಟೇಬಲ್ ಟಾಪ್ ಮಾದರಿಯಲ್ಲಿ ಸ್ಟೀಲ್ ಡ್ರಮ್ಮಿನ ತಳಕ್ಕೆ ಚಪ್ಪಟೆ ಕಲ್ಲು ಕೂರಿಸಿರುತ್ತಾರೆ, ಅದರ ಮೇಲೆ ಎರಡು ಅಥವಾ ಮೂರು ಕಲ್ಲಿನ ಉರುಳೆಗಳು. ಎರಡು ಉರುಳೆಯದಕ್ಕೂ ಮೂರು ಉರುಳೆಯದಕ್ಕೂ ಹಿಟ್ಟಿನಲ್ಲಿ ವ್ಯತ್ಯಾಸ ಅಷ್ಟೇನೂ ತಿಳಿಯುವುದಿಲ್ಲ. ತೊಳೆಯುವಾಗ ಮಾತ್ರ ತಿಳಿಯುತ್ತದೆ: ಮೂರನೆಯ ಉರುಳೆಯೆಂದರೆ ಹಿಟ್ಟು ಸಿಕ್ಕಿಕೊಳ್ಳುವ ಇನ್ನೊಂದು ಸಂದು. ಎರಡರದೇ ಇರಲಿ.

"ಎರಡು ಲೀಟರು" ಎಂಬ ಮಾತನ್ನು ನಂಬಿ ಡ್ರಮ್ಮು ತುಂಬಿಸಿದವರೇ ಗ್ರೈಂಡರು ಕೆಡಿಸಿಕೊಳ್ಳುವವರು. ಅದು ಡ್ರಮ್ಮಿನ ಅಳತೆ, ಕೆಲಸದ ಅಳತೆಯಲ್ಲ. 200 ಗ್ರಾಂ ಹಿಡಿಯುವ ಲೋಟ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದು ಲೋಟ ಉದ್ದು ಸರಾಗ, ಒಂದೂವರೆ ಲೋಟ ಕೊನೆಯ ಮಿತಿ. ಅಕ್ಕಿಯಾದರೆ ಮೂರು ಲೋಟ. ಒಂದು ಲೋಟ ಉದ್ದು ಉಬ್ಬಿ ಒಂದು ಲೀಟರಿನ ಹತ್ತಿರ ಬರುತ್ತದೆ, ಮೂರು ಲೋಟ ಅಕ್ಕಿ ಇನ್ನೊಂದು ಲೀಟರಿಗಿಂತ ತುಸು ಹೆಚ್ಚು. ಎರಡನ್ನೂ ಒಟ್ಟಿಗೆ ಹಾಕಿದರೆ ಹಿಟ್ಟು ಡ್ರಮ್ಮಿನ ನಡುವಿನ ಕಂಬದ ಮಟ್ಟಕ್ಕೆ ಏರುತ್ತದೆ. ಅಲ್ಲಿಂದ ಒಳಕ್ಕೆ ಇಳಿದರೆ ಬೇರಿಂಗು ಹಾಳಾಗುತ್ತದೆ, ಹಿಟ್ಟಿನಲ್ಲಿ ಬೂದು ಗೆರೆ ಕಾಣಿಸತೊಡಗುತ್ತದೆ. ಬೇರೆ ಬೇರೆಯಾಗಿ ರುಬ್ಬಿ ಪಾತ್ರೆಯಲ್ಲಿ ಬೆರೆಸಿದರೆ ಇಪ್ಪತ್ತೈದರ ಹತ್ತಿರ ದೋಸೆಗೆ ಸಾಕು. ನಾಲ್ಕು ಜನ ಭಾನುವಾರ ಹೊಟ್ಟೆ ತುಂಬ ತಿಂದು ಸೋಮವಾರದ ಡಬ್ಬಿಗೂ ಉಳಿಯುತ್ತದೆ. ಆರು ಜನರ ಮನೆ, ಮೇಲಿಂದ ಮೇಲೆ ನೆಂಟರು ಬರುವ ಮನೆಯಾದರೆ ಇದು ಚಿಕ್ಕದಾಯಿತು. ಮೂರು ಲೀಟರಿನದನ್ನು ನೋಡಿ.

ಹೊಸ ಕಲ್ಲಿನಲ್ಲಿ ನೇರವಾಗಿ ಉದ್ದು ಹಾಕಬಾರದು. ಒಂದು ಹಿಡಿ ನೆನೆಸಿದ ಅಕ್ಕಿ, ಅರ್ಧ ಲೋಟ ನೀರು ಹಾಕಿ ಹತ್ತು ನಿಮಿಷ ತಿರುಗಿಸಿ ಚೆಲ್ಲಬೇಕು. ಮೊದಲ ಸಲ ಬರುವ ಹಿಟ್ಟು ಬೂದಿ ಬಣ್ಣದ್ದು. ಕಲ್ಲಿನ ಪುಡಿ ಅದು. ಬಿಳಿ ಹಿಟ್ಟು ಬರುವವರೆಗೆ, ಸಾಮಾನ್ಯವಾಗಿ ಮೂರು ಸಲ, ಹೀಗೆ ಮಾಡಿ. ಕೊನೆಯ ಸಲದ ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, ಮರಳಿನ ಹಾಗೆ ಕರಕರ ಅನ್ನಬಾರದು. ಕರಕರ ಅಂದರೆ ಇನ್ನೊಂದು ಸಲ ತಿರುಗಿಸಿ.

ಇನ್ನು ರುಬ್ಬುವ ಕ್ರಮ. ಸಿಪ್ಪೆ ತೆಗೆದ, ಸೀಳದ ಗುಂಡು ಉದ್ದು ತನ್ನಿ. ಸೀಳಿದ ಬೇಳೆಗಿಂತ ಅದೇ ಚೆನ್ನಾಗಿ ಉಬ್ಬುತ್ತದೆ. ಹಳೆಯ ದಾಸ್ತಾನಿನ ಉದ್ದು ಎಷ್ಟು ರುಬ್ಬಿದರೂ ಅಂಟು ಬರುವುದಿಲ್ಲ, ಅದು ಗ್ರೈಂಡರಿನ ತಪ್ಪಲ್ಲ. ತೊಳೆದ ಮೇಲೆ ನೆನೆಸಿ: ಬೇಸಿಗೆಯಲ್ಲಿ ಎರಡೂವರೆ ಗಂಟೆ, ಮಳೆಗಾಲ ಚಳಿಗಾಲದಲ್ಲಿ ನಾಲ್ಕು. ಒಂದು ಚಮಚ ಮೆಂತ್ಯ ಅದರ ಜೊತೆಗೇ. ನೆನೆಸಿದ ನೀರನ್ನು ಬಸಿದು ಒಂದು ಪಾತ್ರೆಯಲ್ಲಿ ತೆಗೆದಿಡಿ, ರುಬ್ಬಲು ಅದೇ ನೀರು. ಏಪ್ರಿಲ್, ಮೇ ತಿಂಗಳಲ್ಲಿ ಆ ನೀರನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಒಳ್ಳೆಯದು.

ಮೊದಲು ಅರ್ಧ ಲೋಟ ನೀರು ಹಾಕಿ ಗ್ರೈಂಡರು ಚಾಲೂ ಮಾಡಿ. ಡ್ರಮ್ಮು ತಿರುಗುತ್ತಿರುವಾಗ ಉದ್ದನ್ನು ಹಿಡಿ ಹಿಡಿಯಾಗಿ ಹಾಕಿ, ಎಲ್ಲ ಹಾಕಲು ಎರಡು ಮೂರು ನಿಮಿಷವಾದರೂ ಹಿಡಿಯಬೇಕು. ನಿಂತ ಡ್ರಮ್ಮಿಗೆ ಎಲ್ಲವನ್ನೂ ಸುರಿದು ಸ್ವಿಚ್ಚು ಒತ್ತಿದರೆ ಕಾಳು ಉರುಳೆಗಳ ಕೆಳಗೆ ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಮೋಟಾರು ಗುಂಯ್ ಅನ್ನುತ್ತದೆ, ಡ್ರಮ್ಮು ಕದಲುವುದಿಲ್ಲ. ಹತ್ತು ಸೆಕೆಂಡು ಹಾಗೇ ಬಿಟ್ಟರೂ ಬೆಲ್ಟು ಜಾರಿ ರಬ್ಬರ್ ಸುಟ್ಟ ವಾಸನೆ ಬರುತ್ತದೆ. ಕೂಡಲೇ ಆರಿಸಿ, ಉರುಳೆಗಳನ್ನು ಎತ್ತಿ, ಅರ್ಧ ಕಾಳು ತೆಗೆದು ಮತ್ತೆ ಶುರುಮಾಡಿ. ಕರೆಂಟು ನಡುವೆ ಹೋದಾಗಲೂ ಇದೇ ಎಚ್ಚರ ಬೇಕು. ಸ್ವಿಚ್ಚು ಹಾಗೇ ಬಿಟ್ಟು ಅತ್ತ ಹೋದರೆ, ಕರೆಂಟು ಬಂದಾಗ ಗಟ್ಟಿಯಾದ ಹಿಟ್ಟಿನ ಮೇಲೆ ಮೋಟಾರು ಒದ್ದಾಡುತ್ತದೆ. ಕರೆಂಟು ಹೋದ ಕೂಡಲೇ ಸ್ವಿಚ್ಚು ಆರಿಸಿ, ಬಂದ ಮೇಲೆ ಡ್ರಮ್ಮನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ನಂತರ ಚಾಲೂ ಮಾಡಿ.

ಐದು ನಿಮಿಷಕ್ಕೊಮ್ಮೆ ಎರಡು ಚಮಚದಷ್ಟು ನೀರು ಚಿಮುಕಿಸುತ್ತಿರಿ. ಒಂದು ಲೋಟ ಉದ್ದಿಗೆ ಮೊದಲು ಹಾಕಿದ್ದೂ ಸೇರಿ ಇಡ್ಲಿಗೆ ಒಂದೂವರೆ ಲೋಟ ನೀರು ಹಿಡಿಯುತ್ತದೆ. ಹದಿನೈದು ನಿಮಿಷಕ್ಕೆ ಹಿಟ್ಟು ನುಣ್ಣಗಾದಂತೆ ಕಾಣುತ್ತದೆ, ಇಲ್ಲೇ ಹೆಚ್ಚಿನವರು ನಿಲ್ಲಿಸಿಬಿಡುವುದು. ಉಬ್ಬುವುದು ಆಮೇಲಿನ ಹತ್ತು ಹದಿನೈದು ನಿಮಿಷದಲ್ಲಿ. ಇಪ್ಪತ್ತೈದರಿಂದ ಮೂವತ್ತು ನಿಮಿಷ ಬಿಡಿ. ನೋಡುವ ಬಗೆ ಸುಲಭ: ಒಂದು ಬಟ್ಟಲು ನೀರಿಗೆ ಗೋಲಿಯಷ್ಟು ಹಿಟ್ಟು ಬಿಟ್ಟರೆ ತೇಲಬೇಕು. ಮುಳುಗಿದರೆ ಐದು ನಿಮಿಷ ಹೆಚ್ಚು. ಅರ್ಧ ಗಂಟೆ ದಾಟಿಸಿಯೂ ರುಬ್ಬುತ್ತ ಹೋದರೆ ಹಿಟ್ಟು ಬೆಚ್ಚಗಾಗಿ ಉಬ್ಬಿದ್ದು ಮತ್ತೆ ಇಳಿಯುತ್ತದೆ.

ಉದ್ದು ತೆಗೆದು, ಡ್ರಮ್ಮು ತೊಳೆಯದೆ ಅದರಲ್ಲೇ ಅಕ್ಕಿ. ದೋಸೆಗೆ ಮೂರು ಲೋಟ ದೋಸೆ ಅಕ್ಕಿ, ಒಂದು ಹಿಡಿ ಅವಲಕ್ಕಿ, ಬಣ್ಣ ಬರಲು ಒಂದು ದೊಡ್ಡ ಚಮಚ ಕಡಲೆಬೇಳೆ. ಹದಿನೈದರಿಂದ ಇಪ್ಪತ್ತು ನಿಮಿಷ, ಬೆರಳಿಗೆ ಸಣ್ಣ ರವೆಯ ಹಾಗೆ ಸಿಗುವವರೆಗೆ. ಪೂರಾ ನುಣ್ಣಗೆ ಮಾಡಿದರೆ ದೋಸೆ ಗರಿಯಾಗುವ ಬದಲು ಚರ್ಮದಂತಾಗುತ್ತದೆ. ಇಡ್ಲಿಗಾದರೆ ಗ್ರೈಂಡರಿನ ಕೆಲಸ ಉದ್ದಿಗೇ ಮುಗಿಯಿತು: ಎರಡು ಲೋಟ ಇಡ್ಲಿ ರವೆಯನ್ನು ಎರಡು ಮೂರು ನೀರಿನಲ್ಲಿ ತೊಳೆದು ಒಂದು ಗಂಟೆ ನೆನೆಸಿ, ಗಟ್ಟಿಯಾಗಿ ಹಿಂಡಿ ಬೆರೆಸಿ. ಮೂವತ್ತರ ಆಸುಪಾಸು ಇಡ್ಲಿ ಆಗುತ್ತದೆ. ಡ್ರಮ್ಮಿನಲ್ಲಿ ಉಳಿದ ಹಿಟ್ಟಿಗೆ ಅರ್ಧ ಲೋಟ ನೀರು ಹಾಕಿ ಒಂದು ನಿಮಿಷ ತಿರುಗಿಸಿದರೆ ಕಲ್ಲು ತಾನೇ ತೊಳೆದುಕೊಳ್ಳುತ್ತದೆ, ಆ ನೀರು ದೋಸೆ ಹಿಟ್ಟಿನ ಹದಕ್ಕೆ ಒದಗುತ್ತದೆ.

ಉಬ್ಬುವ ವಿಷಯದಲ್ಲಿ ಗ್ರೈಂಡರನ್ನು ದೂರುವವರು ಬಹಳ, ತಪ್ಪು ಹೆಚ್ಚಾಗಿ ಹವೆಯದು. 28, 30 ಡಿಗ್ರಿಯಲ್ಲಿ ಎಂಟು ಹತ್ತು ಗಂಟೆ ಸಾಕು. ಡಿಸೆಂಬರಿನ ಬೆಂಗಳೂರಿನಲ್ಲಿ, ಜಡಿಮಳೆಯ ಮಲೆನಾಡಿನಲ್ಲಿ ಹದಿನಾಲ್ಕು ಗಂಟೆಯಾದರೂ ಹಿಟ್ಟು ಮಲಗಿಯೇ ಇರಬಹುದು. ಅಂಥ ದಿನಗಳಲ್ಲಿ ಶನಿವಾರ ಬೆಳಗ್ಗೆ ನೆನೆಸಿ ಮಧ್ಯಾಹ್ನ ಎರಡು ಗಂಟೆಯೊಳಗೆ ರುಬ್ಬಿ ಮುಗಿಸಿ. ನಾಲ್ಕೈದು ಲೀಟರಿನ ಪಾತ್ರೆಗೆ ಹಾಕಿ, ಉಪ್ಪು ಸೇರಿಸಿ, ಕೈಯಿಂದಲೇ ಒಂದೆರಡು ನಿಮಿಷ ಕಲಸಿ. ಪಾತ್ರೆಯನ್ನು ಮುಚ್ಚಿ, ಬಿಸಿನೀರಿನ ಚೊಂಬಿನ ಜೊತೆ ಮುಚ್ಚಳವಿರುವ ದೊಡ್ಡ ಡಬ್ಬದಲ್ಲಿಟ್ಟು ಮಲಗುವ ಮುನ್ನ ಒಮ್ಮೆ ನೀರು ಬದಲಿಸಿದರೆ ಬೆಳಗ್ಗೆ ಹಿಟ್ಟು ಕಂಠದವರೆಗೆ ಬಂದಿರುತ್ತದೆ. ಹೊರಗೆ ಮಳೆ ಸುರಿಯುವಾಗ, ಕಾವಲಿಯ ಮೇಲೆ ಚುಯ್ ಎಂದು ತೂತು ಬಿಡುವ ಆ ಮೊದಲ ದೋಸೆಗಾಗಿ ಇಷ್ಟು ಮಾಡುವುದು ಖಂಡಿತ ಸಾರ್ಥಕ.

ಬೇರೆ ಕೆಲಸಗಳಿಗೆ? ಉದ್ದಿನ ವಡೆ ಈ ಯಂತ್ರದ ನಿಜವಾದ ಪರೀಕ್ಷೆ. ಒಂದು ಲೋಟ ಉದ್ದಿಗೆ ಕಾಲು ಲೋಟದಿಂದ ಅರ್ಧ ಲೋಟದೊಳಗಿನ ನೀರಿನಲ್ಲಿ ರುಬ್ಬಬೇಕು, ಹಿಟ್ಟು ಉರುಳೆಗಳಿಗೆ ಸುತ್ತಿಕೊಂಡು ಮೇಲೇರುತ್ತದೆ. ಉರುಳೆಗಳ ಮೇಲೆ ಸ್ಪ್ರಿಂಗಿನ ಒತ್ತಡವಿರುವ ಮಾದರಿಯಲ್ಲಿ ಇದು ಚೆನ್ನಾಗಿ ಆಗುತ್ತದೆ, ಬರೀ ಲಾಕಿನ ಮಾದರಿಯಲ್ಲಿ ಮರದ ಸೌಟಿನಿಂದ ಅಂಚಿನ ಹಿಟ್ಟನ್ನು ಒಳಕ್ಕೆ ತಳ್ಳುತ್ತ ನಿಲ್ಲಬೇಕು. ಇಡೀ ರಾಗಿ ನೆನೆಸಿ ಮಾಡುವ ದೋಸೆಗೆ ಎಂಟು ಗಂಟೆ ನೆನೆಸುವುದು, ಅರ್ಧ ಗಂಟೆ ರುಬ್ಬುವುದು. ಸಣ್ಣ ಕಾಳು, ಡ್ರಮ್ಮಿನ ಗೋಡೆಯ ಹಿಟ್ಟನ್ನು ಕೆರೆಯುವ ಸ್ಕ್ರೇಪರಿನ ಕೆಳಗೆ ನುಸುಳಿ ಅಂಚಿನಲ್ಲೇ ಸುತ್ತುತ್ತಿರುತ್ತದೆ, ಆಗಾಗ ಎಳೆದುಕೊಡಬೇಕು. ಹೋಳಿಗೆಯ ಹೂರಣ ಕಲ್ಲಿನಲ್ಲಿ ರುಬ್ಬಿದರೆ ಅದರ ನುಣುಪೇ ಬೇರೆ. ಆದರೆ ಉಗುರು ಬೆಚ್ಚಗಿರುವಾಗಲೇ, ಹಿಡಿ ಹಿಡಿಯಾಗಿ, ಕಾಲು ಕೆಜಿ ಬೇಳೆಯದಕ್ಕಿಂತ ಹೆಚ್ಚಿಲ್ಲದಂತೆ. ತಣ್ಣಗಾದರೆ ಬೆಲ್ಲ ಬಿಗಿದು ಉರುಳೆ ನಿಂತೇ ಹೋಗುತ್ತದೆ. ಚಟ್ನಿ, ಆಂಬೊಡೆಯ ಬೇಳೆ ಇವೆರಡನ್ನು ಮಿಕ್ಸಿಗೇ ಬಿಡಿ: ಚಟ್ನಿಯಷ್ಟು ಕಡಿಮೆ ಪದಾರ್ಥ ಕಲ್ಲಿನ ಮೇಲೆ ತೆಳ್ಳಗೆ ಹರಡಿ ಹೋಗುತ್ತದೆ, ಬೆಳ್ಳುಳ್ಳಿಯ ವಾಸನೆ ಮುಂದಿನ ವಾರದ ಇಡ್ಲಿಗೂ ಬರುತ್ತದೆ. ಜೊತೆಗೆ ಕೊಡುವ ಚಪಾತಿ ಹಿಟ್ಟು ಕಲಸುವ ಸಾಧನಕ್ಕೆ ಹೆಚ್ಚಿನ ದುಡ್ಡು ಕೊಡಬೇಡಿ. ಕೈಯಲ್ಲಿ ಹತ್ತು ನಿಮಿಷದ ಕೆಲಸಕ್ಕೆ ಬೆಲ್ಟಿನ ಆಯಸ್ಸು ಸವೆಸುವುದು ಬೇಡ. ಕಾಯಿ ತುರಿಯುವುದು ನಾಲ್ಕೈದು ಕಾಯಿ ಬೇಕಾಗುವ ಹಬ್ಬದ ದಿನಕ್ಕೆ ಪರವಾಗಿಲ್ಲ.

ತೊಳೆಯುವುದೇ ಈ ಯಂತ್ರದ ದೊಡ್ಡ ಕಷ್ಟ ಎಂದು ಮೊದಲೇ ತಿಳಿದಿರಲಿ. ಉರುಳೆಗಳ ಜೋಡಣೆ, ಸ್ಕ್ರೇಪರು, ಡ್ರಮ್ಮು ಮೂರನ್ನೂ ಬಿಚ್ಚಿ ತೊಳೆಯಬೇಕು, ಹಿಟ್ಟು ಒಣಗುವ ಮೊದಲೇ. ಒಣಗಿದ ಉದ್ದು ಕಲ್ಲಿನ ಮೇಲೆ ಗೋಂದಿನ ಹಾಗೆ ಕೂರುತ್ತದೆ. ಕೂತಿದ್ದರೆ ಕೆರೆಯದೆ ಅರ್ಧ ಗಂಟೆ ನೀರಿನಲ್ಲಿ ನೆನೆಸಿ. ಕಲ್ಲಿಗೆ ಸೋಪು ಬೇಡ, ನಾರಿನ ಬ್ರಷ್ಷು ಸಾಕು. ಉರುಳೆಗಳ ಕಡ್ಡಿಯ ತುದಿಯಲ್ಲಿರುವ ಬಿಳಿ ನೈಲಾನ್ ವಾಷರನ್ನು ಮೊದಲು ತೆಗೆದು ಬಟ್ಟಲಿನಲ್ಲಿಡಿ. ಅದು ಸಿಂಕಿನ ತೂತಿಗೆ ಹೋದರೆ ಉರುಳೆ ಅತ್ತಿತ್ತ ಓಲಾಡಿ ಸದ್ದು ಮಾಡುತ್ತದೆ, ಕಡ್ಡಿ ಸವೆದು ಹಿಟ್ಟಿಗೆ ಕಪ್ಪು ಇಳಿಯುತ್ತದೆ. ತೊಳೆದ ಮೇಲೆ ಡ್ರಮ್ಮನ್ನು ಓರೆಯಾಗಿಟ್ಟು ಚೆನ್ನಾಗಿ ಒಣಗಿಸಿ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಎರಡು ಗಂಟೆಯಾದರೂ ಬೇಕು, ಇಲ್ಲದಿದ್ದರೆ ಮುಂದಿನ ಶನಿವಾರ ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ.

ಸವೆಯುವ ಭಾಗಗಳು ಎರಡೇ. ಡ್ರಮ್ಮಿನ ಗೋಡೆಗೆ ತಾಗಿ ನಿಲ್ಲುವ ನೈಲಾನ್ ಸ್ಕ್ರೇಪರು ಸವೆದರೆ ಗೋಡೆಯ ಮೇಲೆ ಇಡೀ ಕಾಳು ಉಳಿಯತೊಡಗುತ್ತದೆ. ಬೆಲ್ಟು ಸಡಿಲವಾದರೆ ಗ್ರೈಂಡರಿನ ಕೆಳಗೆ ಕಪ್ಪು ಪುಡಿ ಉದುರುತ್ತದೆ, ಉದ್ದು ಗಟ್ಟಿಯಾದ ಕೂಡಲೇ ವೇಗ ಇಳಿಯುತ್ತದೆ. ಎರಡೂ ದುಬಾರಿಯಲ್ಲ, ಆದರೆ ಪ್ರತಿ ಮಾದರಿಯ ಅಳತೆ ಬೇರೆ. ಕೊಳ್ಳುವಾಗಲೇ ಅವೆರಡರ ಒಂದೊಂದು ಜೊತೆ ಹೆಚ್ಚಿಗೆ ತೆಗೆದುಕೊಳ್ಳಿ. ಸಿಗುವುದಿಲ್ಲ ಎಂದು ಅಂಗಡಿಯವರು ಹೇಳಿದರೆ ಆ ಮಾದರಿಯನ್ನು ಬಿಟ್ಟುಬಿಡಿ, ಎಷ್ಟೇ ರಿಯಾಯಿತಿ ಇರಲಿ. ಏನೂ ಹಾಕದಿದ್ದಾಗಲೂ ಮೋಟಾರು ಗುಂಯ್‌ಗುಟ್ಟಿ ತಿರುಗದೆ, ಕೈಯಿಂದ ತಳ್ಳಿದರೆ ಮಾತ್ರ ತಿರುಗಿದರೆ ಅದು ಬೆಲ್ಟಲ್ಲ, ಕೆಪಾಸಿಟರು. ಮೋಟಾರು ರೀವೈಂಡಿಂಗ್ ಮಾಡುವ ಯಾವ ಅಂಗಡಿಯಲ್ಲೂ ಅದನ್ನು ಬದಲಿಸಿಕೊಡುತ್ತಾರೆ. ಮೋಟಾರೇ ಹೋಯಿತೆಂದು ಹೊಸದಕ್ಕೆ ದುಡ್ಡು ಕೊಡುವ ಮೊದಲು ಇದನ್ನು ಕೇಳಿ.

ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು ಇಷ್ಟು. ಡ್ರಮ್ಮನ್ನು ಕೈಯಿಂದ ತಿರುಗಿಸಿ, ಅಂಚು ಮೇಲೆ ಕೆಳಗೆ ಕುಣಿಯಬಾರದು. ತಳದ ಕಲ್ಲಿಗೂ ಸ್ಟೀಲಿಗೂ ನಡುವೆ ಉಗುರು ಆಡಿಸಿ, ಸಂದು ಸಿಕ್ಕರೆ ಹಿಟ್ಟು ಅಲ್ಲಿ ಕೊಳೆಯುತ್ತದೆ. ಒಂದು ಲೋಟ ನೀರು ಹಾಕಿ ಓಡಿಸಿ ತೋರಿಸಲು ಹೇಳಿ, ಬರಿಗಲ್ಲನ್ನು ಓಡಿಸಬಾರದು. ಪಕ್ಕದಲ್ಲಿ ನಿಂತವರ ಜೊತೆ ದನಿ ಏರಿಸದೆ ಮಾತಾಡಲು ಆಗಬೇಕು. ಕರೆಂಟಿನ ಚಿಂತೆ ಬೇಡ, 150 ವ್ಯಾಟಿನ ಮೋಟಾರು ಮುಕ್ಕಾಲು ಗಂಟೆ ಓಡಿದರೆ ಒಂದು ಯೂನಿಟ್ಟಿನ ಒಂಬತ್ತನೇ ಒಂದು ಭಾಗದಷ್ಟೇ ಖರ್ಚು. ಅಮೆರಿಕದಲ್ಲಿರುವ ಮಕ್ಕಳಿಗೆ ಇಲ್ಲಿಂದ ಒಯ್ಯುವವರು 110 ವೋಲ್ಟಿನ ಮಾದರಿಯನ್ನೇ ಕೇಳಿ. ಟ್ರಾನ್ಸ್‌ಫಾರ್ಮರು ಹಾಕಿದರೂ ವೋಲ್ಟೇಜು ಸರಿಹೋಗುತ್ತದೆಯೇ ಹೊರತು ಅಲ್ಲಿಯ 60 ಹರ್ಟ್ಜ್ ಬದಲಾಗುವುದಿಲ್ಲ, ಮೋಟಾರು ಇಲ್ಲಿಗಿಂತ ವೇಗವಾಗಿ ಓಡುತ್ತದೆ.

ಕೊನೆಗೆ ಜಾಗದ ಮಾತು, ಇದು ಬೆಲೆಗಿಂತ ಮುಖ್ಯ. ಇದರ ತೂಕ ಹತ್ತು ಹನ್ನೆರಡು ಕೆಜಿ. ಅಟ್ಟದಿಂದ ಇಳಿಸಿ, ರುಬ್ಬಿ, ಮತ್ತೆ ಏರಿಸುವ ಗ್ರೈಂಡರನ್ನು ಮೂರನೆಯ ವಾರಕ್ಕೆ ಯಾರೂ ಮುಟ್ಟುವುದಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ, ಪ್ಲಗ್ಗಿನ ಹತ್ತಿರ, ಸಿಂಕಿನಿಂದ ಎರಡು ಹೆಜ್ಜೆಯಲ್ಲಿ ಅದಕ್ಕೆ ಕಾಯಂ ಜಾಗ ಕೊಡಲು ಆಗುವುದಾದರೆ ಮತ್ತು ವಾರಕ್ಕೊಮ್ಮೆಯಾದರೂ ರುಬ್ಬುವವರಾದರೆ ಎರಡು ಲೀಟರಿನದು ಧಾರಾಳವಾಗಿ ಕೊಳ್ಳಿ. ಜಾಗವಿಲ್ಲದಿದ್ದರೆ ಸದ್ಯಕ್ಕೆ ಬೇಡ: ಉದ್ದನ್ನು ನೆನೆಸಿದ ನೀರಿನ ಸಮೇತ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, ಮಿಕ್ಸಿಯ ದೊಡ್ಡ ಜಾರಿನಲ್ಲಿ ಅರ್ಧರ್ಧ ಲೋಟದಂತೆ, ನಡುನಡುವೆ ಒಂದು ನಿಮಿಷ ನಿಲ್ಲಿಸುತ್ತ ರುಬ್ಬಿ, ಉದ್ದಿನ ಪ್ರಮಾಣ ಕಾಲು ಲೋಟ ಹೆಚ್ಚಿಸಿಕೊಳ್ಳಿ.